ತುಲನಾಚಾರ್ಯರ ಕಾರು

ಪ್ರತಿ ಬಡಾವಣೆಗೂ ಒಬ್ಬ ತುಲನಾಚಾರ್ಯರು ಇದ್ದೇ ಇರುತ್ತಾರೆ. ಜಯನಗರದಲ್ಲಿ ಅವರು ಬ್ಯಾಂಕಿನಿಂದ ನಿವೃತ್ತರು, ಮೈಸೂರಿನ ಕುವೆಂಪುನಗರದಲ್ಲಿ ಮೇಷ್ಟ್ರು, ವೈಟ್‌ಫೀಲ್ಡಿನಲ್ಲಿ ಎಕ್ಸೆಲ್ ಶೀಟು ಹಿಡಿದ ಸಾಫ್ಟ್‌ವೇರ್ ಎಂಜಿನಿಯರು. ವೇಷ ಬೇರೆ ಬೇರೆ, ಕಸುಬು ಒಂದೇ: ಮಾರುಕಟ್ಟೆಗೆ ಬಂದ ಹೊಸ ಸಣ್ಣ ಕಾರುಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ತೂಗುವುದು. ಬ್ರೆಝಾದ ಡಿಕ್ಕಿ 328 ಲೀಟರು, ನೆಕ್ಸಾನಿನದು 382 ಎಂದು ಅವರು ಒಪ್ಪಿಸುವಾಗ ಕೇಳಿದವರಿಗೆ ಹಾಲಿನ ಡೇರಿಯ ಲೆಕ್ಕ ನೆನಪಾದರೆ ತಪ್ಪಿಲ್ಲ. ಡಿಕ್ಕಿಯಲ್ಲಿ ಅವರ ಆಸಕ್ತಿ ಎರಡು ಬಗೆಯದು: ಹಿಂದಿನ ಡಿಕ್ಕಿ ಎಷ್ಟು ಲೀಟರು, ಮುಂದೆ ಡಿಕ್ಕಿ ಹೊಡೆದರೆ ಎಷ್ಟು ಸ್ಟಾರು. ಇಷ್ಟೆಲ್ಲ ತಿಳಿದವರ ಮನೆ ಮುಂದೆ ನಿಂತಿರುವುದು ಮಾತ್ರ ಒಂದು ಸ್ಕೂಟರು. ಬರುವ ದೀಪಾವಳಿಗೆ ಕಾರು ಖಂಡಿತ; ಆ ದೀಪಾವಳಿ ಮಾತ್ರ ಯಾವಾಗಲೂ ಬರುವ ದೀಪಾವಳಿಯೇ.

ಆಚಾರ್ಯರನ್ನು ಶೋರೂಮಿನಲ್ಲಿ ನೋಡಬೇಕು. ಮೊದಲು ಬಾಗಿಲನ್ನು ಒಂದು ಗೇಣು ತೆರೆದು ಬಿಡುತ್ತಾರೆ, ಕಣ್ಣು ಮುಚ್ಚಿ ಸದ್ದು ಕೇಳುತ್ತಾರೆ. ‘ಡಬ್’ ಎಂದರೆ ತಲೆ ಅಲ್ಲಾಡುತ್ತದೆ, ‘ಟಣ್’ ಎಂದರೆ ಒಂದೇ ತೀರ್ಪು, “ತಗಡು.” ಆಮೇಲೆ ಹೆಬ್ಬೆರಳಿನಿಂದ ಡ್ಯಾಶ್‌ಬೋರ್ಡನ್ನು ಒತ್ತುವುದು, ವೈದ್ಯರು ಹೊಟ್ಟೆ ಒತ್ತಿದ ಹಾಗೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಬಂಪರಿನ ಕೆಳಗೆ ಅಂಗೈ ಹಾಯಿಸಿ ಗ್ರೌಂಡ್ ಕ್ಲಿಯರೆನ್ಸನ್ನು ನಾಲ್ಕು ಬೆರಳಿನ ಲೆಕ್ಕದಲ್ಲಿ ಅಳೆಯುವುದು. ಸೇಲ್ಸ್ ಹುಡುಗ ಸನ್‌ರೂಫ್ ತೆರೆದು ತೋರಿಸಿದರೆ, “ಮಳೆ ಬಂದ್ರೆ ಸೋರತ್ತಾ?” ಮೊದಲ ಭೇಟಿಯಲ್ಲಿ ಅವರಿಗೆ ಕಾಫಿ ಸಿಗುತ್ತದೆ, ಎರಡನೆಯದರಲ್ಲಿ ನೀರು. ಮೂರನೆಯ ಸಲ ಹುಡುಗನೇ ಇವರನ್ನು ಪಕ್ಕಕ್ಕೆ ಕರೆದು, ತಾನು ಕೆಲಸ ಬಿಟ್ಟು ಎದುರಿನ ಕಂಪನಿಗೆ ಸೇರಿದರೆ ಹೇಗೆ ಸಾರ್ ಎಂದು ಸಲಹೆ ಕೇಳುತ್ತಾನೆ.

ಆಚಾರ್ಯರು ಕೊಳ್ಳುವುದಕ್ಕಾಗಿ ಹೋಲಿಸುತ್ತಾರೆ ಎಂದು ನಂಬಿದವರೆಲ್ಲ ಮೋಸ ಹೋಗಿದ್ದಾರೆ. ಕೊಳ್ಳುವುದಕ್ಕಾದರೆ ಅಷ್ಟು ಹೋಲಿಸಲು ಅಲ್ಲಿ ಸರಕೇ ಇಲ್ಲ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರು ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೂ 1500 ಸಿಸಿ ಒಳಗಿನ ಡೀಸೆಲ್ ಕಾರಿಗೂ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಅಂದಿನಿಂದ ನಮ್ಮ ಸಣ್ಣ ಕಾರುಗಳ ಉದ್ದವನ್ನು ಗೀಚುವುದು ವಿನ್ಯಾಸಕಾರನಲ್ಲ, ಹಣಕಾಸು ಇಲಾಖೆ. 2008ರಲ್ಲಿ 4160 ಮಿಲಿಮೀಟರು ಇದ್ದ ಡಿಜೈರ್, 2012ರಲ್ಲಿ ಬಾಲ ಕತ್ತರಿಸಿಕೊಂಡು 3995ಕ್ಕೆ ನಿಂತಿತು. ವೆನ್ಯೂ 3995, ಸೊನೆಟ್ 3995, ಬ್ರೆಝಾ 3995. ಲಕ್ಷ್ಮಣರೇಖೆಗೆ ಐದು ಮಿಲಿಮೀಟರು ಈಚೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಇನ್ನು 2019ರಲ್ಲಿ ಬಂದ ಟೊಯೊಟಾ ಗ್ಲಾನ್ಝಾ ಎಂದರೆ ಹೆಸರು, ಲಾಂಛನ ಬದಲಿಸಿಕೊಂಡ ಮಾರುತಿ ಬಲೆನೊ. ಇವೆರಡರ ಪೈಕಿ ಯಾವುದು ಮೇಲು ಎಂದು ಆಚಾರ್ಯರು ನಲವತ್ತು ನಿಮಿಷ ಮಾತಾಡಬಲ್ಲರು, ಕೊನೆಗೆ “ಆದ್ರೂ ಟೊಯೊಟಾ ಟೊಯೊಟಾನೇ” ಎಂದು ಮುಗಿಸಬಲ್ಲರು.

ಪಾಪ, ದುಡ್ಡಿನ ವಿಷಯದಲ್ಲಿ ಎಚ್ಚರ ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತು ದಾಟಿದರೆ ಶೇ. 17, ಅದರ ಮೇಲೆ ಸೆಸ್ಸು ಎಂದು ರಸ್ತೆ ತೆರಿಗೆ ಕಟ್ಟಿಸಿಕೊಳ್ಳುವ ಕರ್ನಾಟಕದಲ್ಲಿ, ‘ಆನ್ ರೋಡ್ ಎಷ್ಟು’ ಎಂಬ ಪ್ರಶ್ನೆ ಕೇಳದವನೇ ಮೂರ್ಖ. ಪಾಂಡಿಚೇರಿ ನಂಬರಿನ ಕಾರುಗಳು ಬೆಂಗಳೂರಿನಲ್ಲಿ ಇಷ್ಟು ಯಾಕೆ ಎನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಆದರೆ ಎಚ್ಚರಕ್ಕೆ ಒಂದು ಕೊನೆ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರ ಮೇಲೆ ಸೆಸ್ಸು ಎಂದಿದ್ದದ್ದು ಬರೀ 18 ಆಯಿತು. ಬೆಲೆ ಇಳೀಲಿ ಎಂದು ಕಾಯುತ್ತಿದ್ದ ಆಚಾರ್ಯರು ಏನೆಂದರು? “ಇಷ್ಟು ಇಳಿದಿದೆ ಅಂದ್ರೆ ಇನ್ನೂ ಇಳಿಯತ್ತೆ.” ಇಲ್ಲಿ ಒಂದು ಮಾತು ಅವರ ಪರವಾಗಿ ಹೇಳಲೇಬೇಕು: ಅವರ ಮಾತು ಕೇಳಿ ಆ ಬೀದಿಯಲ್ಲಿ ಕಾರು ಕೊಂಡವರು ಬಹಳ, ಕೊಂಡು ಕೆಟ್ಟವರು ಕಡಿಮೆ. ಊರಿನ ಜಾತಕವನ್ನೆಲ್ಲ ಕೂಡಿಸುವ ಬ್ರಹ್ಮಚಾರಿಯ ಹಾಗೆ.

ಹಾಗಾದರೆ ಅವರಿಗೇ ಯಾಕೆ ಯಾವುದೂ ಕೂಡಿಬರುವುದಿಲ್ಲ? ಅವರ ತಕ್ಕಡಿಯ ಒಂದು ತಟ್ಟೆಯಲ್ಲಿ ಹೊಸ ಕಾರು ಇರುತ್ತದೆ, ಇನ್ನೊಂದರಲ್ಲಿ ಪಕ್ಕದ ಕಂಪನಿಯ ಕಾರು ಇರುವುದಿಲ್ಲ. ನೆನಪಿನ ಕಾರು ಇರುತ್ತದೆ. 2024ರಲ್ಲಿ ಸ್ವಿಫ್ಟ್ ನಾಲ್ಕು ಸಿಲಿಂಡರು ಬಿಟ್ಟು ಮೂರಕ್ಕೆ ಇಳಿದಾಗ ಮೈಲೇಜು ಹೆಚ್ಚಿದ್ದನ್ನು ಅವರು ಗಮನಿಸಲಿಲ್ಲ, ಸೂತಕದವರಂತೆ ಓಡಾಡಿದರು. ಎಸಿ ಆರಿಸದೆ ಘಾಟಿ ಹತ್ತಲು ತಿಣುಕುತ್ತಿದ್ದ, ಏರ್‌ಬ್ಯಾಗ್ ಎಂಬ ಹೆಸರನ್ನೇ ಕೇಳದ ಕಾರುಗಳು ಅವರ ನೆನಪಿನಲ್ಲಿ ಆಗುಂಬೆಯನ್ನು ಟಾಪ್ ಗೇರಿನಲ್ಲಿ ಹತ್ತುತ್ತವೆ. ಕಂಪನಿಗಳಿಗೂ ಇದರ ವಾಸನೆ ಹತ್ತಿದೆ. ನೆನಪೇ ಬೇಕೆಂದರೆ ನೆನಪನ್ನೇ ಮಾರೋಣ ಎಂದು ಅಟ್ಟದ ಮೇಲಿನ ಹಳೆಯ ಹೆಸರುಗಳನ್ನು ಇಳಿಸಿ, ಧೂಳು ಕೊಡವಿ, ಹೊಸ ಕಾರಿನ ಹಿಂಬದಿಗೆ ಅಂಟಿಸತೊಡಗಿವೆ.

ಅಲ್ಲೇ ಎಡವಿದ್ದು. ಹೆಸರು ಸಿಕ್ಕ ಕೂಡಲೇ ಆಚಾರ್ಯರ ಹೋಲಿಕೆಗೆ ಅಧಿಕೃತ ಪರವಾನಗಿ ಸಿಕ್ಕಿತು. 1993ರ ಝೆನ್ ನೆಲಕ್ಕೆ ಅಂಟಿಕೊಂಡು ಓಡುವ ಚೂಟಿ ಕಾರು. 2006ರಲ್ಲಿ ಅದೇ ಹೆಸರಿನ ಹಿಂದೆ ಎಸ್ಟಿಲೊ ಸೇರಿಸಿ ಕೊಟ್ಟದ್ದು ಎತ್ತರದ ಡಬ್ಬಿಯಂಥ ಬೇರೆಯೇ ಗಾಡಿ. ಕೆಲವೇ ವರ್ಷದಲ್ಲಿ ಕಂಪನಿಯೇ ಝೆನ್ ಎಂಬುದನ್ನು ಕಿತ್ತು ಬರೀ ಎಸ್ಟಿಲೊ ಎಂದಿತು. 1998ರ ಸ್ಯಾಂಟ್ರೊ 2018ರಲ್ಲಿ ಮರಳಿತು, 2022ಕ್ಕೆ ಹೊರಟೇ ಹೋಯಿತು. ಗೆದ್ದದ್ದು ಯಾವುದು ನೋಡಿ: ಬಲೆನೊ. 1999ರಲ್ಲಿ ಆ ಹೆಸರಿನ ಸೆಡಾನ್ ಬಂದು ಹೋದದ್ದನ್ನು ಜನ ಮರೆತೇ ಬಿಟ್ಟಿದ್ದರು; 2015ರಲ್ಲಿ ಹ್ಯಾಚ್‌ಬ್ಯಾಕಿಗೆ ಅದನ್ನಿಟ್ಟಾಗ ಹೋಲಿಸಲು ಯಾರಿಗೂ ಏನೂ ಇರಲಿಲ್ಲ. ಹಳೆಯ ಹೆಸರು ನಡೆಯಬೇಕಾದರೆ ಅದನ್ನು ಎಲ್ಲರೂ ಮರೆತಿರಬೇಕು, ಹಾಗೆ ಮರೆತ ಹೆಸರಿನಲ್ಲಿ ಹಳೆಯದಾದರೂ ಏನಿದೆ?

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲೇ ಇಲ್ಲವೇ, ಅಜ್ಜನ ಮೂಗೂ ಬರಲಿ ಎಂದು ಯಾರಾದರೂ ಹಟ ಹಿಡಿಯುತ್ತಾರೆಯೇ ಎಂಬುದು ಬಲವಾದ ಆಕ್ಷೇಪಣೆ. ಮೂಗು ಬೇಡ, ರಕ್ತವಾದರೂ ಅದೇ ಇರಬೇಕಲ್ಲ. 2020ರ ಆಟೊ ಎಕ್ಸ್‌ಪೋದಲ್ಲಿ ಗ್ರ್ಯಾವಿಟಾಸ್ ಎಂದು ಪರಿಚಯಿಸಿದ ಕೂಸಿಗೆ ಮರುವರ್ಷ ಸಫಾರಿ ಎಂದು ತೊಟ್ಟಿಲು ತೂಗಿದರು. ಒಳಗಿನ ಮೂಳೆಯೆಲ್ಲ ಹ್ಯಾರಿಯರಿನದು. ಬೊಲೆರೊ ನಿಯೊದ ಕಥೆ ಇನ್ನೂ ಒಂದು ಕೈ ಮೇಲು. 2015ರಿಂದ ಟಿಯುವಿ300 ಎಂದು ಓಡಾಡಿಕೊಂಡಿದ್ದ ಗಾಡಿಯನ್ನೇ ಅಷ್ಟಿಷ್ಟು ತಿದ್ದಿ 2021ರಲ್ಲಿ ಬೊಲೆರೊ ಮನೆತನಕ್ಕೆ ದತ್ತು ಕೊಟ್ಟರು. ಸಫಾರಿ ಮಾರಾಟವಾಯಿತಲ್ಲ ಎನ್ನುವಿರಾದರೆ, ಆಯಿತು. ಕೊಂಡವರು ಆಚಾರ್ಯರ ಪೈಕಿಯವರಲ್ಲ. 1998ರ ಸಫಾರಿಯ ಡೀಸೆಲ್ ಗೊರಗೊರ ಕಿವಿಯಲ್ಲಿ ಉಳಿದವರಿಗೆ ಹೊಸದರ ಬಾಗಿಲು ಎಷ್ಟೇ ‘ಡಬ್’ ಎಂದರೂ ಸಾಲದು.

ಕಿವಿಯ ಮಾತು ಬಂದರೆ ಮೈಸೂರಿನವರ ಎದುರು ಯಾರೂ ನಿಲ್ಲಲಾರರು. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ ಬೈಕು ಹುಟ್ಟುತ್ತಿತ್ತು, ಆಮೇಲೆ ಯೆಜ್ಡಿ. 1996ರಲ್ಲಿ ಬೀಗ ಬಿತ್ತು. 2018ರಲ್ಲಿ ಜಾವಾ ಮಧ್ಯಪ್ರದೇಶದ ಪೀತಂಪುರದಲ್ಲಿ ಮರುಹುಟ್ಟು ಪಡೆದು ಬಂತು. ಅದೇ ದುಂಡನೆಯ ಟ್ಯಾಂಕು, ಎಡಕ್ಕೊಂದು ಬಲಕ್ಕೊಂದು ಅದೇ ಜೋಡಿ ಸೈಲೆನ್ಸರು. ಎರಡು ಸ್ಟ್ರೋಕಿನ ಎಂಜಿನ್ ಹೋಗಿ ನಾಲ್ಕು ಸ್ಟ್ರೋಕಿನದು ಬಂದಮೇಲೆ ಹಳೆಯ ಡಗಡಗ ಬರುವುದಾದರೂ ಎಲ್ಲಿಂದ? ಹೊಗೆ ಕಮ್ಮಿ, ಬ್ರೇಕು ಚೆನ್ನ, ಕಿಕ್ ಹೊಡೆದು ಮೊಣಕಾಲು ಮುರಿದುಕೊಳ್ಳುವ ಭಯವಿಲ್ಲ. ಕುವೆಂಪುನಗರದ ಆಚಾರ್ಯರು ಇದನ್ನೆಲ್ಲ ಒಪ್ಪಿ, ಗಾಡಿಯನ್ನು ಎರಡು ಸುತ್ತು ಪ್ರದಕ್ಷಿಣೆ ಹಾಕಿ, “ಇದು ಜಾವಾ ಅಲ್ಲ, ಜಾವಾ ಥರ” ಎಂದು ಮನೆಗೆ ನಡೆದರು.

ಈಗ ಅವರು ಕಾಯುತ್ತಿರುವುದು ಅಂಬಾಸಡರಿಗೆ. ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ಅದರ ತಯಾರಿಕೆ ನಿಂತಿತು. 2017ರಲ್ಲಿ ಆ ಹೆಸರೊಂದನ್ನೇ ಫ್ರಾನ್ಸಿನ ಪೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಎಂಜಿನ್ ಇಲ್ಲ, ಚಕ್ರ ಇಲ್ಲ, ಬರೀ ಹೆಸರು. ಅಂಬಾಸಡರ್ ಎಂಬ ಹೊಸ ಕಾರು ಇನ್ನೂ ರಸ್ತೆಗೆ ಇಳಿದಿಲ್ಲ, ಆದ್ದರಿಂದ ಆಚಾರ್ಯರ ಕೋಷ್ಟಕದಲ್ಲಿ ಸದ್ಯಕ್ಕೆ ಅದಕ್ಕೇ ಮೊದಲ ಸ್ಥಾನ. ಒಂದೇ ಒಂದು ಅನುಮಾನ ಅವರನ್ನು ಕಾಡುತ್ತಿದೆ. ಪೂಜೊದ ಒಡಹುಟ್ಟಾದ ಸಿಟ್ರೊಯೆನ್ ಇಲ್ಲಿ ಮಾರುವ ಸಣ್ಣ ಕಾರಿಗೆ 1.2 ಲೀಟರಿನ ಎಂಜಿನ್ ಇದೆ. “ಅದನ್ನೇ ತಂದು ಇದಕ್ಕೂ ಇಡ್ತಾರೆ, ನೋಡ್ತಿರಿ,” ಎನ್ನುತ್ತಾ ಸ್ಕೂಟರಿಗೆ ಕಿಕ್ ಹೊಡೆಯುತ್ತಾರೆ, “ಮೂರೇ ಸಿಲಿಂಡರು.”