ತಿಮ್ಮಪ್ಪನ ಬಂಗಲೆ

ಪರದೇಶಕ್ಕೆ ಹೋದ ನಮ್ಮವರಲ್ಲಿ ನಾಯಿ ಸಾಕುವವರನ್ನೂ ಕುಂಡದಲ್ಲಿ ಕರಿಬೇವು ಸಾಕುವವರನ್ನೂ ಹೇಗೋ ಸಹಿಸಬಹುದು. ಆಮೆ ಸಾಕುವವನ ಜಾತಿಯೇ ಬೇರೆ. ಆಮೆಯ ವಿಚಾರ ಎರಡು ಮಾತಿನಲ್ಲಿ ಮುಗಿಸಿ, ಅದರ ಮನೆಯ ವಿಚಾರಕ್ಕೆ ಕೂತುಬಿಡುತ್ತಾನೆ. ಗೃಹಪ್ರವೇಶವಾಗಿ ವರ್ಷ ಕಳೆದರೂ ಟೈಲ್ಸು, ಮೇಸ್ತ್ರಿ ಎನ್ನುತ್ತಲೇ ಇರುವವರಿಲ್ಲವೇ, ಹಾಗೆ.

ಇಂಗ್ಲೆಂಡಿನಲ್ಲಿರುವ ನನ್ನ ಷಡ್ಡಕ ಈ ಪಂಗಡದ ಮುಖಂಡ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಅವನ ಹರ್ಮನ್ ಆಮೆಮರಿಯ ಹೆಸರು ತಿಮ್ಮಪ್ಪ. ಗಂಡೋ ಹೆಣ್ಣೋ ತಿಳಿಯಲು ಇನ್ನೂ ಕೆಲವು ವರ್ಷ ಬೇಕಂತೆ. 18ನೇ ಶತಮಾನದಲ್ಲಿ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಸಾಕಿದ್ದ ಟಿಮೊಥಿ ಎಂಬ ಆಮೆ ಹೆಣ್ಣೆಂದು ಗೊತ್ತಾಗಿದ್ದು ಅದು ಸತ್ತ ಮೇಲೆ. ಇದನ್ನು ನನಗೆ ಹೇಳಿದವನೂ ಷಡ್ಡಕನೇ. ತಿಮ್ಮಪ್ಪ ಮಾತ್ರ ತಿಮ್ಮಪ್ಪನೇ.

ಹೋದ ಚಳಿಗಾಲ ಅವನ ಮನೆಗೆ ಅತಿಥಿಯಾಗಿದ್ದೆ. ಗ್ಯಾಸ್ ಬಿಲ್ಲಿಗೆ ಹೆದರಿ ಮನೆಯ ಹೀಟರನ್ನು 17 ಡಿಗ್ರಿಗೆ ನಿಲ್ಲಿಸಿದ್ದ. ನನಗೆ ಹಾಲಿನ ಸೋಫಾ. ತಲೆದೆಸೆಯಲ್ಲೇ ತಿಮ್ಮಪ್ಪನ ಬಂಗಲೆ: ಮೇಲ್ಭಾಗ ತೆರೆದ ಮೂರಡಿ ಉದ್ದದ ಮರದ ಪೆಟ್ಟಿಗೆ. ಒಂದು ತುದಿಯಲ್ಲಿ ದೀಪದ ಕೆಳಗೆ 33 ಡಿಗ್ರಿ, ಸೆಖೆಯಾದರೆ ಸರಿದುಕೊಳ್ಳಲು ಇನ್ನೊಂದು ತುದಿಯಲ್ಲಿ 22. ಗಾಜಿನ ತೊಟ್ಟಿ ಚೆನ್ನಾಗಿರುತ್ತಿರಲಿಲ್ಲವೇ ಎಂದೆ. ಕಾಫಿ ಆರಿ ಕೆನೆಗಟ್ಟುವವರೆಗೂ ಉತ್ತರ ಬಂತು. ಆಮೆಗೆ ಗಾಜೆಂದರೆ ಏನೆಂದು ತಿಳಿಯದು. ಆಚೆ ಕಾಣುತ್ತದಲ್ಲ ಎಂದು ದಿನವಿಡೀ ಮೂತಿ ಒತ್ತಿ ಒತ್ತಿ ಸುಸ್ತಾಗುತ್ತದೆ. ಹೋಗಲಿ, ಕಿಟಕಿಯ ಬಿಸಿಲಿಗೆ ಇಡು ಎಂದರೆ, ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಆ ಕಿರಣವಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು, ಚಿಪ್ಪು ಮೆತ್ತಗಾಗುತ್ತದೆ. ಅದಕ್ಕೇ ಬೇರೆ ಟ್ಯೂಬ್‌ಲೈಟು. ಉರಿಯುತ್ತಿದ್ದರೂ ಅದನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಳಕು ಉಳಿದರೂ ಯುವಿಬಿ ಇಳಿದಿರುತ್ತದೆ. ಕೆಳಗೆ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ತೇವ ಮಾಡಿದ ಹಾಸು. ಒಣಗಿಸಿದರೆ ಚಿಪ್ಪು ಉಬ್ಬುಬ್ಬಾಗಿ ಏಳುತ್ತದಂತೆ. ನನ್ನ ಹಾಸಿಗೆಯ ಬಗ್ಗೆ ಇಷ್ಟು ಯೋಚಿಸಿದ್ದರೆ!

ಭಾನುವಾರ ಬೆಳಗ್ಗೆ ಏಳಕ್ಕೆ ಟೈಮರ್ ಟಿಕ್ ಎಂದಿತು. ಹೊರಗೆ ಕಗ್ಗತ್ತಲು, ನನ್ನ ಮುಖಕ್ಕೆ ಮಾತ್ರ ಸೂರ್ಯೋದಯ. ಎದ್ದಮೇಲೆ ಇನ್ನೇನು, ಮರಗಟ್ಟಿದ ಕೈಯನ್ನು ಆ ದೀಪದ ಕೆಳಗೆ ಚಾಚಿದೆ. ಮಹಡಿ ಮೆಟ್ಟಿಲಿನಿಂದಲೇ ಕೂಗು: "ನೆರಳು ಬೀಳ್ತಿದೆ ಕಣೋ, ಅವನಿಗಿನ್ನೂ ಮೈ ಕಾದಿಲ್ಲ!" ಆಮೇಲೆ ತಿಮ್ಮಪ್ಪನಿಗೆ ಗದ್ದದ ಮಟ್ಟ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಅಭ್ಯಂಜನ. ನನಗೆ "ಬೇಗ ಮುಗಿಸು, ಬಿಸಿನೀರು ಖಾಲಿಯಾಗುತ್ತೆ." ಅವನಿಗೆ ಹಿತ್ತಲಲ್ಲಿ ಬಗ್ಗಿ ಹುಡುಕಿ ತಂದ ಡ್ಯಾಂಡೆಲಿಯನ್ ಎಲೆ, ಮೇಲೆ ಕ್ಯಾಲ್ಸಿಯಂ ಪುಡಿ. ನನಗೆ ನಿನ್ನೆಯ ಉಪ್ಪಿಟ್ಟು. ನಾನು ತಂದ ಹೋಳಿಗೆಯನ್ನು ಮೂಲೆಯ ಪುಟ್ಟ ಫ್ರಿಜ್ಜಿನಲ್ಲಿಡಲೂ ಬಿಡಲಿಲ್ಲ. ಮುಂದಿನ ಚಳಿಗಾಲ ತಿಮ್ಮಪ್ಪ 5 ಡಿಗ್ರಿಯಲ್ಲಿ ಅದರೊಳಗೆ ಶಿಶಿರನಿದ್ರೆ ಮಾಡುವವನಿದ್ದಾನೆ. ಒಂದು ಆಮೆಮರಿಯ ಮೇಲೆ ಹೊಟ್ಟೆಕಿಚ್ಚು ಪಡುವ ವಯಸ್ಸೇ ನನ್ನದು?

ರಾತ್ರಿ ದೀಪ ಆರಿದ ಮೇಲೆ ಅವನ ಮಾತು ಊರಿನತ್ತ ಹೊರಳಿತು. ಕೋಲಾರದ ಕಡೆಯವನು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ನಕ್ಷತ್ರ ಆಮೆ ಹೊರಟಿತೆಂದರೆ ಅಜ್ಜ ಮಕ್ಕಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡಿಸುತ್ತಿದ್ದರಂತೆ. ಅಲ್ಲಿ ಬಿಸಿಲಿಗೆ ಬಿಲ್ಲು ಬರುತ್ತಿರಲಿಲ್ಲ. ತಿಮ್ಮಪ್ಪ ಐವತ್ತು ವರ್ಷ ದಾಟಿ ಬದುಕಬಹುದು, ಇವನು ಇರುವುದಿಲ್ಲ. ಉಯಿಲಿನಲ್ಲಿ ನನ್ನ ಮಗಳ ಹೆಸರು ಬರೆಯಲೇ ಎಂದು ಕೇಳಿದ. ತಮಾಷೆಯಲ್ಲ. ನಾನು ಹೂಂ ಎಂದೆ.

ಇದನ್ನೋದಿ ಬೆಂಗಳೂರಿನಲ್ಲೂ ಇಂಥದೊಂದು ಪೆಟ್ಟಿಗೆ ಮಾಡಿಸಲು ಹೊರಟವರಿಗೆ ಒಂದು ಮಾತು. ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟಕ್ಕೆ, ವಾಸ್ತುವಿಗೆ ಎಂದರೆ ಅರಣ್ಯ ಇಲಾಖೆಯವರು ಒಪ್ಪುವುದಿಲ್ಲ. ಆಮೆಯ ಸೇವೆ ಮಾಡಲೇಬೇಕೆಂಬ ಆಸೆಯಿದ್ದರೆ ಹೇಳಿ, ಷಡ್ಡಕನ ವಿಳಾಸ ಕೊಡುತ್ತೇನೆ. ಸ್ವೆಟರ್ ಎರಡು ಇರಲಿ.