ಹೊಳೆಯಾಚೆಗೂ ಒಂದು ಹೊಳಲು

ದಸರಾ ಸೂಟಿಯಲ್ಲಿ ಐಹೊಳೆಗೆ ಹೋಗಿ ಬಂದ ಮರುದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯ ಆಚೆ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದ ಪಕ್ಕದ ಮನೆಯ ಅಕ್ಕ ಕೈ ನಿಲ್ಲಿಸಿ ಕೇಳಿದಳು: "ಏನವ್ವಾ, ನಿನ್ನೆ ನಸುಕಿನಾಗ ಮನಿ ಮಂದಿಯೆಲ್ಲ ಕ್ರೂಸರ್ ಹತ್ತಿದ್ರಿ. ಯಾವ ದೇವರಿಗೆ ಹೋಗಿದ್ರಿ?"

"ಬುದ್ಧನ ಗುಡಿಗೆ ಅಕ್ಕಾ."

"ಬೈಲುಕುಪ್ಪಿಗೇನು? ಅಷ್ಟು ದೂರ ಹೋಗಿ ಒಂದ ದಿನಕ್ಕ ಬಂದ್ರ್ಯಾ?"

ಅಕ್ಕನದೇನೂ ತಪ್ಪಿಲ್ಲ. ನಮ್ಮ ಹಡಗಲಿ ಕಡೆಯವರಿಗೆ ಬುದ್ಧನ ಗುಡಿ ಎಂದರೆ ಶಾಲೆಯ ಪ್ರವಾಸದಲ್ಲಿ ಮಕ್ಕಳು ಫೋಟೊ ತೆಗೆಸಿಕೊಂಡು ಬರುವ ಬೈಲುಕುಪ್ಪೆಯ ಬಂಗಾರದ ಮೂರ್ತಿಗಳು. ಟಿಬೆಟಿನಿಂದ ನೆಲೆ ಕಳೆದುಕೊಂಡು ಬಂದವರು 1961ರಿಂದ ಅಲ್ಲಿ ಬದುಕು ಕಟ್ಟಿಕೊಂಡರು, ಆಮೇಲೆ ಗುಡಿ ಕಟ್ಟಿದರು. ಚೆಂದದ ಜಾಗ, ನಾನೂ ನೋಡಿದ್ದೇನೆ. ಆದರೆ ಅವರು ಬರುವುದಕ್ಕೆ ಸಾವಿರದ ಮುನ್ನೂರು ವರ್ಷಕ್ಕೂ ಮೊದಲೇ ನಮ್ಮವರು ಐಹೊಳೆಯ ಗುಡ್ಡದ ಬಂಡೆ ಕೊರೆದು ಬುದ್ಧನನ್ನು ಕೂರಿಸಿದ್ದರಲ್ಲ! ಅದನ್ನೇ ಅಕ್ಕನಿಗೆ ಹೇಳಿದೆ. ಅವಳು ಮೊಗ್ಗಿನ ಬುಟ್ಟಿಯನ್ನು ಕೆಳಗಿಟ್ಟು ಬೇಲಿಗೆ ಹತ್ತಿರ ಬಂದಳು.

ಐಹೊಳೆಗೆ ಹೋದವರೆಲ್ಲ ದುರ್ಗದ ಗುಡಿ, ಲಾಡಖಾನ್ ಗುಡಿ ನೋಡುತ್ತಾರೆ. (ದುರ್ಗದ ಗುಡಿ ದುರ್ಗಮ್ಮನದಲ್ಲ. ದುರ್ಗ ಎಂದರೆ ಕೋಟೆ, ಕೋಟೆಯ ಪಕ್ಕದ ಗುಡಿ ಅದು. ನಮ್ಮ ಅತ್ತೆ ಕುಂಕುಮದ ಪೊಟ್ಟಣ ಹಿಡಿದು ಅಮ್ಮನನ್ನು ಹುಡುಕಿದ ಮೇಲೆ ನಾನೂ ಇದನ್ನು ತಿಳಿದುಕೊಂಡೆ.) ಅಷ್ಟಾದ ಮೇಲೆ ಹೆಚ್ಚಿನವರು ಗಾಡಿ ಹತ್ತಿಬಿಡುತ್ತಾರೆ. ಗುಡ್ಡ ಹತ್ತುವ ಕೆಲವರು ಮೇಲಿನ ಮೇಗುತಿ ಜಿನಾಲಯ ನೋಡಿ ಬರುತ್ತಾರೆ. ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಕೆತ್ತಿಸಿದ ಶಾಸನ ಅಲ್ಲಿದೆ, ಪಠ್ಯಪುಸ್ತಕದಲ್ಲಿ ಓದಿದ್ದು. ಆ ಜಿನಾಲಯಕ್ಕಿಂತ ಕೆಲವೇ ಮೆಟ್ಟಿಲು ಕೆಳಗೆ, ಬಂಡೆಗೆ ಬೆನ್ನು ಕೊಟ್ಟು ಎರಡಂತಸ್ತಿನ ಒಂದು ಕಲ್ಲಿನ ಪಡಸಾಲೆ ನಿಂತಿದೆ. ಅರ್ಧ ಕಟ್ಟಿದ್ದು, ಅರ್ಧ ಕೊರೆದದ್ದು. ಶಿಖರವಿಲ್ಲ, ಕಳಸವಿಲ್ಲ. ದಾರಿಹೋಕರು ತಂಗುವ ಕಲ್ಲುಮಂಟಪವಿರಬೇಕು ಎಂದುಕೊಂಡು ಮುಂದೆ ನಡೆದುಬಿಡುವಷ್ಟು ಸಾದಾ ಕಟ್ಟಡ. ಆರನೆಯ ಶತಮಾನದ ಕೊನೆಯದು ಎನ್ನುತ್ತಾರೆ. ಐಹೊಳೆಯ ನೂರಕ್ಕೂ ಮಿಕ್ಕ ಗುಡಿಗಳಲ್ಲಿ ಬುದ್ಧನ ಪಾಲಿಗೆ ಇರುವುದು ಇದೊಂದೇ.

ಅತ್ತೆಗೆ ಮೊಣಕಾಲು ನೋವು. ಎರಡು ಕಡೆ ಕೂತು ಸುಧಾರಿಸಿಕೊಂಡು ಹತ್ತಿದರು. ಹತ್ತಿದವರೇ ಸುತ್ತ ನೋಡಿ, "ಗಂಟಿ ಇಲ್ಲ, ದೀಪ ಇಲ್ಲ, ಪೂಜಾರಿ ಇಲ್ಲ. ಇದೆಂಥ ಗುಡಿ?" ಎಂದರು. ಆಮೇಲೆ ಕೆಳಗಿನ ಪಡಸಾಲೆಯ ನೆರಳಲ್ಲಿ ಕಂಬಕ್ಕೆ ಒರಗಿ ಕೂತವರು ಏಳಲೇ ಇಲ್ಲ. ತಣ್ಣನೆಯ ಕಲ್ಲು, ಕೆಳಗೆ ಊರು, ಊರ ನಡುನಡುವೆ ಗುಡಿಗಳ ತಲೆ, ದೂರದಲ್ಲಿ ಮಲಪ್ರಭೆ. ಚೌಕದ ಕಂಬಗಳ ನಡುವೆ ಗಾಳಿ ಬೀಸುತ್ತಿತ್ತು. ಒಳಗಿನ ಬಾಗಿಲುವಾಡದ ತುಂಬ ಕೆತ್ತನೆ. ಹೊರಗೆ ಅಷ್ಟು ಸಾದಾ ಇರುವ ಗುಡಿ ಬಾಗಿಲಿಗೆ ಮಾತ್ರ ಮನಸಾರೆ ಅಲಂಕಾರ ಮಾಡಿಕೊಂಡಿದೆ.

ಗುಡಿಯ ಮುಂದೆ ತಲೆಯಿಲ್ಲದ ಬುದ್ಧ. ಮೂರನೇ ಕ್ಲಾಸಿನ ನಮ್ಮ ಸಣ್ಣವನು ಅದರ ಎದುರು ನಿಂತು ಬಹಳ ಹೊತ್ತು ಮಾತಾಡಲಿಲ್ಲ. "ಅವ್ವಾ, ಇವನಿಗೆ ತಲಿ ಎಲ್ಲಿ?" ಎಂದ. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಹೇಳಿದರು: "ತಲಿ ಹೋದ್ರೂ ಕುಂತದ್ದು ನೋಡು ಮಗಾ, ಎಷ್ಟು ಸಮಾಧಾನದಾಗ ಕುಂತಾನ."

ಸ್ವಲ್ಪ ಹೊತ್ತಿಗೆ ಮೇಲಂತಸ್ತಿನಿಂದ ಮಗಳ ಕೂಗು: "ಇಲ್ಲಿ ಬರ್ರೀ, ಇಲ್ಲಿ ತಲಿ ಐತಿ!" ಎಲ್ಲರೂ ಓಡಿದೆವು. ಮೇಲಿನ ಪಡಸಾಲೆಯ ನಡುವಣ ಅಂಕಣದ ಛಾವಣಿಯಲ್ಲಿ, ನಮ್ಮ ನೆತ್ತಿಯ ಮೇಲೆಯೇ ಬುದ್ಧ, ಬಲಗೈ ಎತ್ತಿ ಕೂತಿದ್ದಾನೆ. ಕತ್ತು ಹಿಂದಕ್ಕೆ ಬಾಗಿಸದೆ ಕಾಣುವುದಿಲ್ಲ. ಮಕ್ಕಳಿಬ್ಬರೂ ನೆಲದ ಮೇಲೆ ಅಂಗಾತ ಮಲಗಿ ನೋಡಿದರು. ಅವರನ್ನು ನೋಡಿ ನಮ್ಮ ಮನೆಯವರೂ ಮಲಗಿದರು. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಕೂಡಲಸಂಗಮ ಎಲ್ಲವನ್ನೂ ಒಂದೇ ಹಗಲಿನಲ್ಲಿ ಮುಗಿಸಬೇಕು ಎಂದು ಗಡಿಯಾರ ನೋಡುತ್ತಾ ಬಂದಿದ್ದವರು, ಆ ಛಾವಣಿಯ ಕೆಳಗೆ ಮುಕ್ಕಾಲು ತಾಸು ಕಳೆದರು. ಕೊನೆಗೆ ಪಟ್ಟದಕಲ್ಲೊಂದನ್ನು ನೋಡಿ ಉಳಿದದ್ದನ್ನೆಲ್ಲ ಬಿಟ್ಟೆವು. ಬಿಟ್ಟದ್ದೇ ಒಳ್ಳೆಯದಾಯಿತು.

ಮನೆಯಿಂದ ಅತ್ತೆ ಒದ್ದೆ ಬಟ್ಟೆಯಲ್ಲಿ ಒಂದು ಮೊಳ ಹಡಗಲಿ ಮಲ್ಲಿಗೆ ಸುತ್ತಿ ತಂದಿದ್ದರು. ಇಳಿಯುವ ಮುಂಚೆ ಆ ತಲೆಯಿಲ್ಲದ ಬುದ್ಧನ ಮುಂದೆ ನಿಂತು ಹೂವು ಬಿಚ್ಚಿದರು. ಮತ್ತೆ ಏನೋ ಯೋಚಿಸಿ ಸುತ್ತಿಕೊಂಡರು. "ನಾಳೆ ಒಣಗಿ ಕಸ ಆಗತೈತಿ, ಬಳಿಯೋರು ಯಾರು?" ಎಂದು ಬರಿಗೈ ಮುಗಿದರು. ಪೂಜೆ ನಿಂತ ಗುಡಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಯಾವ ಫಲಕವೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

"ಅಲ್ಲವ್ವಾ, ಬುದ್ಧ ಹುಟ್ಟಿದ್ದು ಎಲ್ಲೋ ಉತ್ತರದಾಗ. ನಮ್ಮ ಕಡಿ ಅವನ ಮಂದಿ ಎಲ್ಲಿದ್ರು?" ಅಕ್ಕನ ಪ್ರಶ್ನೆ.

ಎಲ್ಲೆಲ್ಲೂ ಇದ್ದರು. ಪುಲಕೇಶಿಯ ಕಾಲದಲ್ಲಿ ಬಂದ ಚೀನದ ಹ್ಯೂಯೆನ್ ತ್ಸಾಂಗ್, ಅವನ ರಾಜ್ಯದಲ್ಲಿ ನೂರಕ್ಕೂ ಹೆಚ್ಚು ವಿಹಾರ, ಐದು ಸಾವಿರದಷ್ಟು ಭಿಕ್ಷುಗಳು ಇದ್ದರೆಂದು ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದಕ್ಕೆ ಹೋದರೆ ನಮ್ಮ ನೆರೆಯ ಕೊಪ್ಪಳದ ಗವಿಮಠದ ಬಂಡೆಯ ಮೇಲೆಯೇ ಅಶೋಕನ ಶಾಸನವಿದೆ. ಗವಿಸಿದ್ಧಪ್ಪನ ಜಾತ್ರೆಗೆ ನಮ್ಮೂರಿನಿಂದ ಎಷ್ಟು ಜನ ಹೋಗುತ್ತಾರೆ! ಭೀಮಾ ನದಿಯ ದಂಡೆಯ ಸನ್ನತಿಯಲ್ಲಂತೂ 1986ರಲ್ಲಿ ಚಂದ್ರಲಾಂಬೆ ಗುಡಿಯ ಆವರಣದ ಕಾಳಿಗುಡಿಯ ಛಾವಣಿ ಕುಸಿಯಿತು. ಕಲ್ಲು ತೆರವು ಮಾಡಿ ನೋಡಿದರೆ ದೇವಿಯ ಮೂರ್ತಿಯ ಕೆಳಗಿನ ಪೀಠದ ಕಲ್ಲೇ ಅಶೋಕನ ಶಾಸನ. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು, ರಾಣಿಯರ ಜೊತೆ ನಿಂತ ಅಶೋಕನ ಉಬ್ಬುಶಿಲ್ಪವೂ ಸಿಕ್ಕಿತು. ಅವನ ಹೆಸರನ್ನು ಬ್ರಾಹ್ಮಿಯಲ್ಲಿ ಅಲ್ಲೇ ಕೆತ್ತಿದ್ದಾರೆ.

ಅಕ್ಕ ಇದನ್ನೆಲ್ಲ ಕೇಳಿಸಿಕೊಂಡಳು, ಆದರೆ ಅವಳ ಮುಖ ಅರಳಿದ್ದು ಮುಂದಿನ ಮಾತಿಗೆ. ನನಗೂ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿತವಾದದ್ದು ಅದೇ.

ಬರುವಾಗ ಗದಗದಿಂದ ಮುಂಡರಗಿ ರಸ್ತೆ ಹಿಡಿದೆವು. ನಡುವೆ ಡಂಬಳ. ದೊಡ್ಡಬಸಪ್ಪನ ಗುಡಿಯ ಮುಂದೆ ಚಾದಂಗಡಿ ಹುಡುಕಿ ಇಳಿದೆವು. ನಕ್ಷತ್ರದ ಹಾಗೆ ಇಪ್ಪತ್ತನಾಲ್ಕು ಮೂಲೆ ಮಾಡಿ ಕಟ್ಟಿದ ಗುಡಿ ಅದು, ಸುತ್ತು ಹಾಕಿದರೆ ಗೋಡೆ ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯದು. ಆದರೆ ನಾನು ಹೇಳುವುದು ಅದರ ಮಾತಲ್ಲ. ಈ ಡಂಬಳ ಒಂದು ಕಾಲಕ್ಕೆ ಬೌದ್ಧರ ಊರು. 1095ರ ಶಾಸನವೊಂದಿದೆ. ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗಿನದು. ಊರಿನ ಆಡಳಿತ ನಡೆಸುತ್ತಿದ್ದವಳು ಅವನ ರಾಣಿ ಲಕ್ಷ್ಮಾದೇವಿ. ಇಲ್ಲಿ ಹದಿನಾರು ಜನ ಶೆಟ್ಟರು ಸೇರಿ ಬುದ್ಧನಿಗೊಂದು ವಿಹಾರ ಕಟ್ಟಿಸಿದ್ದರು. ಲಕ್ಕುಂಡಿಯ ಒಬ್ಬ ಶೆಟ್ಟಿ ತಾರಾದೇವಿಗೆ ಇನ್ನೊಂದು ಕಟ್ಟಿಸಿದ್ದ. ಎರಡಕ್ಕೂ ದತ್ತಿ ಬಿಟ್ಟ ವಿವರ ಅದರಲ್ಲಿದೆ.

ತಾರೆ ಎಂದರೆ ದಾಟಿಸುವವಳು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸೆರೆ, ನೀರು, ಪಿಶಾಚಿ, ಈ ಎಂಟು ಭಯಗಳಿಂದ ಕಾಯುವವಳು. ಹೇರು ಕಟ್ಟಿಕೊಂಡು ಕಾಡು ಹೊಳೆ ದಾಟುವ ವ್ಯಾಪಾರಿಗಳು ಅವಳಿಗೇಕೆ ಗುಡಿ ಕಟ್ಟಿಸಿದರು ಎನ್ನುವುದು ಇದರಿಂದಲೇ ತಿಳಿಯುತ್ತದೆ. ಬೈಲುಕುಪ್ಪೆಯ ಟಿಬೆಟಿನವರು ಇಂದಿಗೂ ಪೂಜಿಸುವ ತಾರೆಯೂ ಅವಳೇ. ನಾವು ಮರೆತವಳನ್ನು ಅವರು ಹಿಮಾಲಯ ದಾಟಿಸಿಕೊಂಡು ಮತ್ತೆ ನಮ್ಮ ನಾಡಿಗೇ ಕರೆತಂದರು.

ಆ ಶಾಸನದ ಕಾಲದಲ್ಲಿ ಡಂಬಳದ ಹೆಸರು ಧರ್ಮವೊಳಲ್. ಹೊಳಲ್ ಅಂದರೆ ಹಳಗನ್ನಡದಲ್ಲಿ ಪಟ್ಟಣ. ನಾವು ನೋಡಿ ಬಂದ ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್, ಕೆಂಪು ಪಟ್ಟಣ.

ಅಕ್ಕ ಬೇಲಿಯ ಗೂಟ ಹಿಡಿದು ನಿಂತಳು. "ಅಂದ್ರ ನಮ್ಮೂರಿನ ಹೆಸರು? ನಾ ಹೊಳಿ ದಂಡಿಗೆ ಐತಿ ಅಂತ ಹೊಳಲು ಅಂದ್ಕೊಂಡಿದ್ದೆ."

"ಅದೇ ಮಾತು ಅಕ್ಕಾ. ನಮ್ಮದು ಬರೇ ಹೊಳಲು, ಅವರದು ಧರ್ಮದ ಹೊಳಲು."

ಈಗ ಅಕ್ಕನ ಮನೆಯವರೂ ಹೊರಟಿದ್ದಾರೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೊಳಲಿನಿಂದ ಹಡಗಲಿ, ಅಲ್ಲಿಂದ ಮದಲಗಟ್ಟಿ ಹನುಮಪ್ಪನಿಗೆ ಕೈ ಮುಗಿದು ತುಂಗಭದ್ರೆಯ ಸೇತುವೆ ದಾಟಿದರೆ ಕೊರ್ಲಹಳ್ಳಿ, ಮುಂಡರಗಿ, ಡಂಬಳ. ಐಹೊಳೆಗೆ ಹೋಗುವವರು ಬಿಸಿಲೇರುವ ಮೊದಲೇ ಗುಡ್ಡ ಹತ್ತಿರಿ, ಕುಡಿಯುವ ನೀರು ಒಯ್ಯಿರಿ, ರೊಟ್ಟಿ ಬುತ್ತಿಯನ್ನು ಕೆಳಗೆ ಇಳಿದ ಮೇಲೆ ಬಿಚ್ಚಿರಿ. ಜಿನಾಲಯಕ್ಕೆ ಹೋಗುವ ಅವಸರದಲ್ಲಿ ಕೆಳಗಿನ ಆ ಸಾದಾ ಪಡಸಾಲೆಯನ್ನು ದಾಟಿಬಿಡಬೇಡಿ. ಮೇಲಂತಸ್ತಿಗೆ ಮಕ್ಕಳನ್ನು ಮೊದಲು ಕಳಿಸಿ, ಛಾವಣಿಯ ಬುದ್ಧನನ್ನು ಅವರೇ ಕಂಡುಹಿಡಿಯಲಿ.