ಹುಟ್ಟಿದ್ದು 1990, ಓದುವುದು ಮೂರನೇ ಕ್ಲಾಸು

ಇನ್‌ಸ್ಟಾಗ್ರಾಂ ಸೇರಲು ಕನಿಷ್ಠ 13 ವರ್ಷ ತುಂಬಿರಬೇಕು. ಜಯನಗರದ ಮೂರನೇ ಕ್ಲಾಸಿನ ಪುಟಾಣಿಗಳಿಗೆ ಅದೇನು ಮಹಾ? ಹುಟ್ಟಿದ್ದು 1990 ಅಂತ ಒತ್ತಿದರಾಯಿತು. ಮುಂದಿನ ಹಲ್ಲು ಬಿದ್ದಿರುವುದೇ ಸಾಕ್ಷಿ!

ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಖಾತೆಯೇ ಬೇಡ ಎಂದಿತು. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, 18ರೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ಒಪ್ಪಿಗೆ ಕೊಡಬೇಕಾದ ಅಪ್ಪ ನಾಲ್ಕನೇ ಬ್ಲಾಕಿನ ದರ್ಶಿನಿಯಲ್ಲಿ ಮಸಾಲೆ ದೋಸೆಗೆ ಫೋಟೊ ಸೆಷನ್ ನಡೆಸುತ್ತಿರುತ್ತಾರೆ. ದೋಸೆ ಆರಿ ಹಪ್ಪಳವಾಗಿರುತ್ತದೆ. ಅಮ್ಮ, ಮಗಳ ಡ್ಯಾನ್ಸ್ ಸ್ಟೇಟಸ್ಸನ್ನು ಓರಗಿತ್ತಿ ನೋಡಿದಳೋ ಇಲ್ಲವೋ ಎಂದು ತಪಾಸಣೆಯಲ್ಲಿರುತ್ತಾರೆ.

ಮಕ್ಕಳಿಗೆ ಹದ ಕಲಿಸುವುದು ಸುಲಭ: ಊಟದ ಹೊತ್ತಿಗೆ ಮನೆಯವರೆಲ್ಲರ ಫೋನೂ ಫ್ರಿಜ್ ಮೇಲೆ. ಮಗುವಿನ ಫೋಟೊ ಹಾಕುವ ಮುಂಚೆ ಮಗುವನ್ನೇ ಕೇಳಿ. ಫೋನಿನಲ್ಲಿ ಕಂಡದ್ದನ್ನು ಮಗು ಬಂದು ಹೇಳಿದರೆ ಬೈಯದೆ ಕೇಳಿಸಿಕೊಳ್ಳಿ.

ಮಕ್ಕಳೇನೋ ಒಪ್ಪಿಯಾರು. ಫ್ರಿಜ್ ಮುಂದೆ ಅಪ್ಪನನ್ನು ತಡೆಯುವವರು ಯಾರು?